ಬೆನ್ನು ನೆಲಕ್ಕೆ ತಾಗಿದ ಮೇಲೆ

ನಾನು ಒಂದು ಟಿವಿ. ಈಗಿನವರು ಗೋಡೆಗೆ ನೇತುಹಾಕುವ ತೆಳ್ಳನೆಯ ಹಲಗೆಯಂಥದಲ್ಲ. ಮುಂದೆ ದಪ್ಪ ಗಾಜು, ಹಿಂದೆ ಉಬ್ಬಿದ ಬೆನ್ನು, ಎತ್ತುವುದಕ್ಕೆ ಇಬ್ಬರು ಬೇಕಾಗುವ ಹಳೆಯ ಪೆಟ್ಟಿಗೆ. ಕಾರ್ಖಾನೆಯಲ್ಲಿ ನನ್ನೊಳಗೆ ಬೆಳಕು ಬಂದ ದಿನವೇ ನನಗೆ ಏಟು ಬಿತ್ತು. ಪರೀಕ್ಷೆಯ ಮೇಜಿನ ಮುಂದೆ ಕುಳಿತಿದ್ದವನು ರಬ್ಬರಿನ ಸುತ್ತಿಗೆಯಿಂದ ತಲೆಗೊಂದು, ಎರಡೂ ಪಕ್ಕೆಗೆ ಒಂದೊಂದು ಬಡಿದ. ಚಿತ್ರ ಅಲುಗಲಿಲ್ಲ. ತಲೆಯಾಡಿಸಿ, ಬೆನ್ನಿಗೊಂದು ಚೀಟಿ ಅಂಟಿಸಿ ನನ್ನನ್ನು ರಟ್ಟಿನ ಡಬ್ಬಕ್ಕೆ ಇಳಿಸಿದ. ಅದು ದ್ವೇಷದ ಏಟಲ್ಲವೆಂದು ನನಗೆ ಗೊತ್ತಿತ್ತು. ಆದರೂ ಅಂದಿನಿಂದ ಯಾರೇ ಹತ್ತಿರ ಬಂದರೂ ಮೊದಲು ಅವರ ಕೈ ನೋಡುತ್ತೇನೆ, ಆಮೇಲೆ ಮುಖ.

ಮೊದಲು ನನ್ನನ್ನು ಕೊಂಡವರು ಮೈಸೂರಿನ ಒಂದು ಬಾರಿನವರು. ಗಿರಾಕಿಗಳ ತಲೆಗಿಂತ ಎತ್ತರದಲ್ಲಿ ಕಬ್ಬಿಣದ ಅಟ್ಟಣಿಗೆ ಮಾಡಿ ಕೂರಿಸಿದರು. ಕ್ರಿಕೆಟ್ ಇದ್ದ ದಿನ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಮ್ಮವರ ವಿಕೆಟ್ಟುಗಳು ಒಂದರ ಹಿಂದೊಂದು ಬಿದ್ದ ಒಂದು ಸಂಜೆ ಯಾರೋ ಎಸೆದ ಬಾಟಲಿ ನನ್ನ ಬಲಮೂಲೆಗೆ ಬಡಿದು ಒಡೆಯಿತು. ಚೂರೊಂದು ಸಿಡಿದು ಕೆಳಗಿದ್ದ ಮುದುಕರೊಬ್ಬರ ಹುಬ್ಬು ಸೀಳಿತು. ಕುಡಿಯುವುದಕ್ಕಿಂತ ಹೆಚ್ಚಾಗಿ ನಾಲ್ಕು ಜನರ ನಡುವೆ ಕೂರುವುದಕ್ಕೆಂದು ದಿನವೂ ಬರುತ್ತಿದ್ದವರು ಅವರು. ಕರವಸ್ತ್ರ ಒತ್ತಿ ಹಿಡಿದು ಮುಂದಿನ ಓವರ್ ನೋಡಿದರು. ರಕ್ತ ಕೊರಳಿಗಿಳಿಯುತ್ತಿದ್ದರೂ ಎದ್ದು ಹೋಗಲಿಲ್ಲ. ಮನೆಯಲ್ಲಿ ಅವರಿಗಾಗಿ ಏನು ಕಾದಿತ್ತೋ, ಏನೂ ಕಾದಿರಲಿಲ್ಲವೋ.

ಆ ಹೊಡೆತದಿಂದ ನನ್ನೊಳಗಿನ ಒಂದು ಬೆಸುಗೆ ಸಡಿಲವಾಯಿತು. ಚಿತ್ರ ಮೇಲಿಂದ ಕೆಳಗೆ ಉರುಳತೊಡಗಿತು. ಸಪ್ಲೈಯರು ಸ್ಟೂಲು ಹತ್ತಿ ಅಂಗೈಯಲ್ಲಿ ರಪ್ಪನೆ ಒಂದು ಕೊಟ್ಟ. ಚಿತ್ರ ನಿಂತಿತು.

"ನೋಡಿ, ಹಿಂಗೊಂದು ಬಿಟ್ರೆ ಬುದ್ಧಿ ಬತ್ತದೆ" ಎಂದ. ಎಲ್ಲರೂ ನಕ್ಕರು.

ಒಳಗೆ ಆದದ್ದು ಬೇರೆ. ಏಟು ಬಿದ್ದಾಗ ಸಡಿಲವಾದ ತಂತಿ ಒಂದು ಕ್ಷಣ ತನ್ನ ಜಾಗಕ್ಕೆ ತಾಗುತ್ತದೆ. ಅದೇ ಏಟು ಅದನ್ನು ಇನ್ನಷ್ಟು ಸಡಿಲಿಸುತ್ತದೆ. ಮುಂದಿನ ಸಲ ಇನ್ನೂ ಜೋರಾಗಿ ಹೊಡೆಯಬೇಕಾಗುತ್ತದೆ. ಹೊಡೆದವನಿಗೆ ನಿಂತ ಚಿತ್ರವಷ್ಟೇ ಕಾಣುತ್ತದೆ.

ಬಾರಿಗೆ ಹೊಸ ಟಿವಿ ಬಂದಾಗ ನಾನು ರಿಪೇರಿ ಅಂಗಡಿಯ ಮೂಲೆ ಸೇರಿದೆ. ಅಲ್ಲಿಯವನೂ ಮೊದಲು ಹೊಡೆದು ನೋಡಿ ಆಮೇಲೆ ಬೆನ್ನು ಬಿಚ್ಚಿದ. ಹೊಸ ಬೆಸುಗೆ ಬಿತ್ತು. ಧೂಳು ಕುಡಿಯುತ್ತಾ ಬಹಳ ಕಾಲ ಕೂತಿದ್ದ ನನ್ನನ್ನು ಕೇಳಿಕೊಂಡು ಕೊನೆಗೊಮ್ಮೆ ಇಂದ್ರಾಣಿ ಎಂಬ ಹೆಂಗಸು ಬಂದರು. ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಗಂಡ ತೀರಿಹೋದ ಮೇಲೆ ತಂದೆಯನ್ನು ತಮ್ಮ ಬಾಡಿಗೆ ಮನೆಗೆ ಕರೆತಂದು ಇಟ್ಟುಕೊಂಡಿದ್ದರು.

"ಅಪ್ಪಾಜಿಗೆ ಬೇಕು. ನಾನು ಕೆಲಸಕ್ಕೆ ಹೋದ್ರೆ ಒಬ್ರೇ ಇರ್ತಾರೆ. ಸದ್ದು ಚೆನ್ನಾಗಿ ಬರ್ತದಾ?"

"ಸದ್ದಾ? ಬೀದಿಯೋರೆಲ್ಲ ಜಗಳಕ್ಕೆ ಬರ್ಬೇಕು, ಅಷ್ಟು ಬತ್ತದೆ ತಗೊಂಡೋಗಿ."

ಆ ಮನೆಯಲ್ಲಿ ನನ್ನನ್ನು ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂರಿಸಿದರು. ಅಲ್ಲಿಂದ ನನಗೆ ಮನುಷ್ಯರು ಕಾಲಿನಿಂದ ಶುರುವಾಗುತ್ತಿದ್ದರು. ಇಂದ್ರಾಣಿಯವರದು ಬಿರುಕು ಬಿಟ್ಟ ಹಿಮ್ಮಡಿ. ಅವರ ತಂದೆಯದು ಮರದ ಬೊಡ್ಡೆಯಂಥ ಮೀನಖಂಡ. ಕತ್ತೆತ್ತಿ ನೋಡಿದಂತೆ ನೋಡುತ್ತಾ ಹೋದರೆ ಅಗಲವಾದ ಎದೆ, ಅದರ ಮೇಲೆ ನೆರೆತ ಕೂದಲು, ಹಿಟ್ಟಿನ ಮುದ್ದೆಯಂತೆ ಮುರುಟಿದ ಎರಡು ಕಿವಿ. ಪೈಲ್ವಾನ್ ಜವರಪ್ಪ. ಒಂದು ಕಾಲದಲ್ಲಿ ಅವರ ಹೆಸರು ಡಂಗುರದಲ್ಲಿ ಬರುತ್ತಿತ್ತಂತೆ. ಈಗ ಅವರಿಗೆ ತಿಂದದ್ದು ಮರೆಯುತ್ತಿತ್ತು, ದಾರಿ ಮರೆಯುತ್ತಿತ್ತು. ತೋಳು ಮಾತ್ರ ಏನನ್ನೂ ಮರೆತಿರಲಿಲ್ಲ.

ಬೆಳಿಗ್ಗೆ ಹೊರಡುವಾಗ ಇಂದ್ರಾಣಿ ನನ್ನನ್ನು ಹಚ್ಚಿ, "ಟಿವಿ ನೋಡ್ಕಂಡು ಕುಂತಿರು ಅಪ್ಪಾಜಿ, ಕದ ತಗೀಬ್ಯಾಡ" ಎಂದು ಹೇಳಿ ಹೋಗುತ್ತಿದ್ದರು. ಹಚ್ಚುವುದು ಸುದ್ದಿ ಚಾನೆಲ್ಲು. ಯಾರಾದರೂ ಮಾತಾಡುತ್ತಲೇ ಇರುತ್ತಾರೆ, ಒಬ್ಬರೇ ಇದ್ದಂತೆ ಅನಿಸುವುದಿಲ್ಲ ಎಂಬುದು ಅವರ ಲೆಕ್ಕ. ತಪ್ಪೆಂದು ಯಾರೂ ಹೇಳುವಂತಿರಲಿಲ್ಲ. ಆದರೆ ಆ ಚಾನೆಲ್ಲಿನಲ್ಲಿ ಒಂದು ಕೊಲೆ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಿತ್ತು. ಅದೇ ಮಚ್ಚು, ಅದೇ ಓಣಿ, ಅದೇ ಮನುಷ್ಯನ ಸುತ್ತ ಕೆಂಪು ವೃತ್ತ, ನಡುವೆ ಎದೆ ಬಡಿಯುವಂಥ ಸಂಗೀತ. ನೆನಪಿದ್ದವರಿಗೆ ಅದು ಒಂದು ಕೊಲೆ. ಜವರಪ್ಪನವರಿಗೆ ಪ್ರತಿ ಸಲವೂ ಹೊಸಬನೊಬ್ಬ ಸಾಯುತ್ತಿದ್ದ, ಕೊಂದವನು ಇನ್ನೂ ಹತ್ತಿರವೇ ಇದ್ದ.

ಒಂದು ದಿನ ನನ್ನೊಳಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡವನೊಬ್ಬ ಯಾರದೋ ಮನೆಯ ಕದ ತಳ್ಳಿ ನುಗ್ಗುತ್ತಿದ್ದ. ಮತ್ತೆ ತಳ್ಳಿದ, ಮತ್ತೆ ನುಗ್ಗಿದ. ಜವರಪ್ಪ ಎದ್ದು ಪಂಚೆ ಕಟ್ಟಿ ನಿಂತರು.

"ಯಾವನ್ಲಾ ನೀನು? ಮಗಳು ಬರೋ ಹೊತ್ತು. ನಡಿಯಾಚೆ."

ಅದೇ ಹೊತ್ತಿಗೆ ಇಂದ್ರಾಣಿ ಹೊರಗಿನಿಂದ ಕದ ತಳ್ಳಿದರು. ಜವರಪ್ಪ ತಿರುಗಿದ್ದು ಕಂಡಿತು, ಮುಷ್ಟಿ ಕಾಣಲಿಲ್ಲ, ಅಷ್ಟು ಬೇಗ. ಇಂದ್ರಾಣಿ ಹೊಸ್ತಿಲ ಮೇಲೆ ಕುಸಿದರು. ಬಾಯಿಂದ ರಕ್ತದ ಜೊತೆ ಒಂದು ಹಲ್ಲು ಬಂತು. ಜವರಪ್ಪ ಅವರನ್ನು ದಾಟಿ ಓಣಿಯ ತುದಿಯವರೆಗೆ ಹೋಗಿ ಕಳ್ಳನನ್ನು ಹುಡುಕಿ ಬಂದರು. ಬಂದು ಮಗಳ ಮುಖ ನೋಡಿ, "ಯಾವನವ್ವ ಹೊಡ್ದೋನು, ತೋರ್ಸು ಅವ್ನ" ಎಂದು ಅತ್ತರು.

ಪಕ್ಕದ ಮನೆಯವರು ಕೇಳಿದಾಗ ಇಂದ್ರಾಣಿ ಬಚ್ಚಲಲ್ಲಿ ಜಾರಿದೆ ಎಂದರು. ಜಾರಿದ್ದಲ್ಲ, ಹೊಡೆತ. ಮನೆಯೊಳಗೇ ಕೂತು ನೋಡಿದ ನಾನು ಆ ಮಾತನ್ನು ಬದಲಿಸಲಾರೆ. ಮುಂದಿನ ವಾರ ಜವರಪ್ಪ ಮಗಳ ಮಣಿಕಟ್ಟು ತಿರುಚಿದರು. ಅದಾದ ಮೇಲೆ ತಲೆಯನ್ನು ಕದಕ್ಕೆ ಒತ್ತಿ ಹಿಡಿದರು. ಇಂದ್ರಾಣಿ ಈಗ ಕದ ತಳ್ಳುವ ಮೊದಲು ಕಿಟಕಿಯಲ್ಲಿ ಇಣುಕುತ್ತಿದ್ದರು, ಚೀಲವನ್ನು ಎದೆಗೆ ಅವಚಿಕೊಂಡು ಒಳಗೆ ಬರುತ್ತಿದ್ದರು. ಅವರ ಹೆಜ್ಜೆ ಓಣಿಯಲ್ಲಿ ಕೇಳಿದರೆ ಸಾಕು, ನನಗೆ ನನ್ನೊಳಗಿನ ಸದ್ದೇ ಭಾರವಾಗುತ್ತಿತ್ತು.

ಇಂದ್ರಾಣಿಯವರ ತಮ್ಮ ಮಾದೇಶ ಬಾಡಿಗೆ ಕಾರು ಓಡಿಸುವವನು, ಊರಿನ ಇನ್ನೊಂದು ಕಡೆ ಇದ್ದ. ಅಕ್ಕನ ಮುಖ ನೋಡಿದವನೇ ಕಾರಿನಿಂದ ನೈಲಾನ್ ಹಗ್ಗ ತಂದು ಗೋಡೆಯ ಮೊಳೆಗೆ ಸಿಕ್ಕಿಸಿದ.

"ಇನ್ನೊಂದ್ ಸಲ ಕೈ ಎತ್ತುದ್ರೆ ಕಟ್ ಹಾಕದೇಯ. ನಾನೇ ಬಂದು ಕಟ್ತೀನಿ. ಬೆಳಿಗ್ಗಿಂದ ಸಂಜೆಗಂಟ ಕಿಟಕಿ ಸರಳಿಗೇ ಇರ್ಲಿ."

"ಅಪ್ಪಾಜೀನ ಹಸು ಅಂದ್ಕಂಡಿದ್ದೀಯ?"

"ಹಸುವಾದ್ರೂ ಹಾಯೋ ಮುಂಚೆ ತಲೆ ಬಗ್ಗಿಸ್ತದೆ ಕಣಕ್ಕ. ಇವ್ರು ಅದೂ ಇಲ್ಲ."

"ಕಟ್ಟಿದ ದಿನ ಅವ್ರು ಸತ್ತಂಗೆ ಮಾದೇಶ. ಉಸಿರಿದ್ರೂ ಸತ್ತಂಗೆ."

"ಕಟ್ಟದೆ ಇದ್ರೆ ನೀನ್ ಸಾಯ್ತೀಯ."

ಇಬ್ಬರೂ ಹೇಳಿದ್ದು ನಿಜವೇ. ಜವರಪ್ಪ ಕೂತಲ್ಲಿಂದ ಮೊಳೆಯನ್ನು ನೋಡಿ, "ಹಗ್ಗ ಯಾಕ್ಲಾ, ಬಾವಿ ತೋಡುಸ್ತೀರಾ?" ಎಂದು ಕೇಳಿದರು.

ಹಾಗಿರುವಾಗ ಬುಡನ್ ಸಾಬ್ ಬಂದರು. ಜವರಪ್ಪನವರ ಜೊತೆ ಒಂದೇ ಗರಡಿಯಲ್ಲಿ ಬೆಳೆದವರು, ಅಖಾಡದಲ್ಲಿ ಅವರ ಎದುರಾಳಿ. ಒಂದು ಕಾಲು ಸ್ವಾಧೀನವಿಲ್ಲ, ಕೋಲೂರಿಕೊಂಡು ನಡೆಯುತ್ತಿದ್ದರು. ಇಂದ್ರಾಣಿಗೆ ರಜೆಯ ದಿನ ಅದು. ಬುಡನ್ ಸಾಬ್ ಒಳಗೆ ಕಾಲಿಡುವಾಗ ಜವರಪ್ಪ ಸೊಂಟ ಬಗ್ಗಿಸಿ, ಕೈ ಚಾಚಿ ನನ್ನೆದುರು ನಿಂತಿದ್ದರು.

"ಏನ್ಲಾ ಜವ್ರ, ಪೆಟ್ಟಿಗೆ ಜೊತೆ ಸೆಣಸ್ತಿದ್ದೀಯಾ? ಅದ್ಕೆ ಕಾಲೇ ಇಲ್ವಲ್ಲೋ, ಎಲ್ಲಿ ಹಿಡೀತೀಯ?"

ಜವರಪ್ಪನವರಿಗೆ ಗೆಳೆಯನ ಹೆಸರು ಬರಲಿಲ್ಲ. ಆದರೆ ಆ ದನಿಗೆ ಭುಜ ಸಡಿಲಿತು. ಬುಡನ್ ಸಾಬ್ ಪಕ್ಕದಲ್ಲಿ ಕೂತು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು ಇಂದ್ರಾಣಿಯ ಕಡೆ ತಿರುಗಿದರು.

"ಇದ್ನ ದಿನಾ ಹಾಕ್ತೀಯಾ ಅಮ್ಮಿ? ನನಗೇ ಡವಡವ ಅಂತದೆ. ಕುಸ್ತೀಲಿ ಬೆನ್ನು ನೆಲಕ್ಕೆ ತಾಗಿದ್ರೆ ಮುಗೀತು. ಚಿತ್. ಗೆದ್ದೋನು ಕೈ ಬಿಟ್ಟು, ಬಿದ್ದೋನ್ನ ಎತ್ತಿ ನಿಲ್ಲಿಸ್ಬೇಕು. ಇದ್ರಲ್ಲಿ ಯಾರು ಬಿದ್ರೂ ಮುಗಿಯಂಗೇ ಇಲ್ವಲ್ಲ."

ಮಾರನೆಯ ದಿನ ಅವರು ಗರಡಿಯಿಂದ ಒಂದು ಹಳೆಯ ಡಿವಿಡಿ ಪ್ಲೇಯರು, ಪ್ಲಾಸ್ಟಿಕ್ ಚೀಲದ ತುಂಬ ಡಿಸ್ಕುಗಳನ್ನು ತಂದರು. ಸುತ್ತಮುತ್ತ ನಡೆದ ನಾಡಕುಸ್ತಿಗಳನ್ನು ಮದುವೆಯ ವೀಡಿಯೊದವರ ಕೈಲಿ ತೆಗೆಸಿದ್ದು. ಕೆಂಪು, ಬಿಳಿ, ಹಳದಿ ತಂತಿಗಳು ನನ್ನ ಪಕ್ಕೆಗೆ ಸೇರಿದವು. ನನ್ನೊಳಗೆ ಕೆಮ್ಮಣ್ಣು ಹರಡಿತು. ಎರಡು ಮೈಗಳು ಒಂದರ ಮೇಲೊಂದು ಮಟ್ಟಿಯ ಮಣ್ಣು ಎರಚಿ, ಕೈ ಮುಟ್ಟಿಸಿ, ಕತ್ತಿಗೆ ಕೈ ಹಾಕಿದವು. ಅದೂ ಮೃದುವಾದದ್ದೇನಲ್ಲ. ಮೂಗು ಒಡೆಯುತ್ತಿತ್ತು, ತೋಳು ತಿರುಚುತ್ತಿತ್ತು. ಆದರೆ ಒಬ್ಬನ ಎರಡೂ ಭುಜ ಮಣ್ಣಿಗೆ ಒತ್ತಿದ ಕೂಡಲೇ ತಮಟೆ ನಿಲ್ಲುತ್ತಿತ್ತು. ಜವರಪ್ಪ ಉಸಿರು ಬಿಟ್ಟು ಹಿಂದಕ್ಕೆ ಒರಗಿ, "ಟೀ ಕೊಡವ್ವ" ಎನ್ನುತ್ತಿದ್ದರು.

ಆ ದಿನಗಳು ನನ್ನ ಬಾಳಿನಲ್ಲಿ ಚೆನ್ನಾಗಿದ್ದವು. ಇಂದ್ರಾಣಿ ಕೆಲಸದಿಂದ ಬರುವವರೆಗೆ ಬುಡನ್ ಸಾಬ್ ಕೂತಿರುತ್ತಿದ್ದರು, ನಡುವೆ ನಮಾಜಿಗೆ ಹೋಗಿ ಬರುತ್ತಿದ್ದರು. ಇಬ್ಬರೂ ಮುದುಕರಿಗೆ ಸಿಕ್ಕಾಪಟ್ಟೆ ಜಗಳ.

"ಆವತ್ತು ನೀನು ನನ್ನ ಕಿವಿ ಕಚ್ಚಿದ್ದೆ" ಎನ್ನುತ್ತಿದ್ದರು ಜವರಪ್ಪ.

"ಕಚ್ಚಿಲ್ಲ. ಹಲ್ಲು ತಾಗ್ತು."

"ನಿನ್ನ ಬಾಯೊಳಕ್ಕೆ ನನ್ ಕಿವಿ ತಾನೇ ಬಂತಾ?"

"ಬಂತು. ನಾನೇನ್ ಮಾಡ್ಲಿ, ಉಗೀಲಿಲ್ವಾ?"

ಬೆಳಗಿನ ಊಟ ನೆನಪಿರದ ಜವರಪ್ಪ ಇಂಥದನ್ನು ನೆನಪಿಟ್ಟಿದ್ದರು. ಪಟ್ಟುಗಳ ಹೆಸರು ಒಂದೊಂದಾಗಿ ಬಾಯಿಗೆ ಬಂದವು. ಹಿಂದಿನ ರಾತ್ರಿಗಳಲ್ಲಿ ಇಲ್ಲದ ನಿದ್ದೆ ಬಂತು. ಕದ ತಳ್ಳಿದರೆ ತಿರುಗಿ, "ಬಂದ್ಯಾ ಮಗ" ಎನ್ನುತ್ತಿದ್ದರು. ಇಂದ್ರಾಣಿ ಚೀಲವನ್ನು ಎದೆಯ ಬದಲು ಕೈಯಲ್ಲಿ ಹಿಡಿದು ಬರತೊಡಗಿದರು. ಕಿಟಕಿಯಲ್ಲಿ ಇಣುಕುವುದನ್ನು ಮಾತ್ರ ಬಿಡಲಿಲ್ಲ. ಬಿಡಬಾರದಿತ್ತು ಕೂಡ.

ಒಂದು ಮಧ್ಯಾಹ್ನ ಮಾದೇಶ ಊಟಕ್ಕೆಂದು ಬಂದ. ಬುಡನ್ ಸಾಬ್ ನಮಾಜಿಗೆ ಹೋಗಿದ್ದರು. ಅಪ್ಪ ನನ್ನೆದುರು ತೊಡೆ ತಟ್ಟಿ, "ಒತ್ತು, ಕತ್ತು ಒತ್ತು, ಬಿಡಬ್ಯಾಡ" ಎಂದು ಕೂಗುತ್ತಿದ್ದರು. ಮಾದೇಶನಿಗೆ ಅಕ್ಕನ ಹೋದ ಹಲ್ಲು ನೆನಪಾಗಿರಬೇಕು. ಮುಖ ಬಿಗಿಯಿತು.

"ಇದ್ನ ತೋರ್ಸಿ ತೋರ್ಸಿ ಇವ್ರನ್ನ ಇನ್ನೂ ರೇಗುಸ್ತಾವ್ರೆ. ಹೊಡೆಯೋ ಮನ್ಸಂಗೆ ಹೊಡೆದಾಟವೇ ಬೇಕಾ?"

ಹಾಗೆ ಯೋಚಿಸುವುದು ಸಹಜ. ಬೇರೆ ಯಾರಾದರೂ ಹಾಗೇ ಯೋಚಿಸುತ್ತಿದ್ದರು. ಅವನು ಬಣ್ಣದ ತಂತಿಗಳನ್ನು ಕಿತ್ತು ಪ್ಲೇಯರನ್ನು ಕಪಾಟಿನ ಮೇಲೆ ಎಸೆದ. "ಲೋಕದ ಸುದ್ದಿ ನೋಡಪ್ಪಾಜಿ, ತಲೆ ನೆಟ್ಟಗಿರ್ತದೆ" ಎಂದು ಚಾನೆಲ್ಲು ಹಚ್ಚಿದ. ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋದ.

ಕುಸ್ತಿ ಅರ್ಧಕ್ಕೆ ನಿಂತಿತ್ತು. ಯಾರೂ ಚಿತ್ ಆಗಿರಲಿಲ್ಲ. ಅಖಾಡವಿದ್ದ ಜಾಗದಲ್ಲಿ ಈಗ ಮಚ್ಚು ಹಿಡಿದವನೊಬ್ಬ ಓಡಿ ಬರುತ್ತಿದ್ದ, ಹೆಂಗಸೊಬ್ಬಳು ಕಿರುಚುತ್ತಿದ್ದಳು. ಜವರಪ್ಪ ಎದ್ದರು. ಅಡುಗೆಮನೆಯಿಂದ ಗಂಡಸೊಬ್ಬ ಹೊರಗೆ ಬಂದ. ಅವನ ಕೈಯಲ್ಲಿದ್ದದ್ದು ಸ್ಟೀಲಿನ ಸೌಟು, ಆದರೆ ಹೊಳೆಯುತ್ತಿತ್ತು.

ಮಾದೇಶನ ತಲೆ ಗೋಡೆಗೆ ಬಡಿದ ಸದ್ದು ನನ್ನ ಸದ್ದನ್ನೂ ಮೀರಿತು. ಕಣ್ಣಿಗೆ ರಕ್ತ ಇಳಿದದ್ದರಿಂದ ಅವನು ಕುರುಡನಂತೆ ಕೈ ಬೀಸಿದ. ಸೌಟು ಅಪ್ಪನ ಕೆನ್ನೆಗೆ ಬಿತ್ತು, ಮತ್ತೆ ಮೂಗಿಗೆ ಬಿತ್ತು. ಮುದುಕರು ಕುಸಿದರು. ಆ ಸಂದಿನಲ್ಲಿ ಅವನು ಮೊಳೆಯ ಮೇಲಿನ ಹಗ್ಗ ಎಳೆದು ಅವರ ಎರಡೂ ಕೈಗಳನ್ನು ಕಿಟಕಿಯ ಸರಳಿಗೆ ಬಿಗಿದ. ಕಟ್ಟುವಾಗ ಅಳುತ್ತಿದ್ದ, "ಕ್ಷಮಿಸಪ್ಪಾಜಿ, ಕ್ಷಮಿಸಪ್ಪಾಜಿ" ಎನ್ನುತ್ತಿದ್ದ, ಆದರೂ ಗಂಟು ಬಿಗಿಯಾಗಿಯೇ ಹಾಕಿದ. ನನ್ನನ್ನು ಆರಿಸಲು ಯಾರಿಗೂ ತೋಚಲಿಲ್ಲ. ಕಟ್ಟಿದ ಮನುಷ್ಯನ ಕಣ್ಣೆದುರು ಮಚ್ಚಿನವನು ಬರುತ್ತಲೇ ಇದ್ದ. ಜವರಪ್ಪ ಎಳೆದೆಳೆದು ಮಣಿಕಟ್ಟಿನ ಚರ್ಮ ಸುಲಿದುಕೊಂಡರು.

ಬುಡನ್ ಸಾಬ್ ಮರಳುವ ಮೊದಲೇ ಬಂದ ಇಂದ್ರಾಣಿ ಕಿಟಕಿಯಲ್ಲಿ ಇಣುಕಿದಾಗ ಕಂಡದ್ದು ಸರಳಿಗೆ ಕಟ್ಟಿದ ನೀಲಿ ಬೆರಳುಗಳು. ಒಳಗೆ ಬಂದವರೇ ಗಂಟಿಗೆ ಕೈ ಹಾಕಿದರು.

"ಬಿಚ್ಚಬೇಡಕ್ಕ. ನನ್ನ ತಲೆ ನೋಡು."

"ನೋಡ್ದೆ. ಇವ್ರ ಕೈ ನೋಡು ನೀನು."

ಗಂಟು ಸಡಿಲಿದ್ದೇ ತಡ, ಆ ಕೈಗಳು ಮಗಳ ಕತ್ತನ್ನು ಸುತ್ತಿದವು. ಅದು ಜವರಪ್ಪನವರ ಹಳೆಯ ಪಟ್ಟು. ಮುಂಗೈ ಗಂಟಲಿಗೆ, ಇನ್ನೊಂದು ಕೈ ಬೀಗದಂತೆ ಹಿಂದೆ. ಇಂದ್ರಾಣಿಯವರ ಕಾಲು ನೆಲದಿಂದ ಮೇಲೆದ್ದಿತು. ಮಾದೇಶ, ಬುಡನ್ ಸಾಬ್ ಮೂಲೆಯಲ್ಲಿ ಬಿಟ್ಟಿರುತ್ತಿದ್ದ ಇನ್ನೊಂದು ಕೋಲು ಎತ್ತಿಕೊಂಡು ಅಪ್ಪನ ಬೆನ್ನಿಗೆ ಬಾರಿಸಿದ. ಹಿಡಿತ ಬಿಗಿಯಾಯಿತು. ಇನ್ನೂ ಜೋರಾಗಿ ಬಾರಿಸಿದ. ಇನ್ನೂ ಬಿಗಿಯಾಯಿತು. ಇಂದ್ರಾಣಿಯವರ ಮುಖ ಕಪ್ಪಿಟ್ಟಿತು, ಕಣ್ಣುಗಳು ಹೊರಬಂದವು. ಅವರು ಕೈಯನ್ನು ತಂದೆಯ ಕಡೆ ಎತ್ತಲಿಲ್ಲ. ತಮ್ಮನ ಕಡೆ ಎತ್ತಿ, ಬೇಡ ಎಂಬಂತೆ ಅಲ್ಲಾಡಿಸಿದರು.

ಆಮೇಲೆ ಮೈಯನ್ನು ಪೂರ್ತಿ ಬಿಟ್ಟುಬಿಟ್ಟರು. ಸತ್ತರೆಂದೇ ನಾನು ತಿಳಿದೆ. ತೂಕಕ್ಕೆ ಇಬ್ಬರೂ ನೆಲಕ್ಕೆ ಬಂದರು. ಬಿದ್ದಲ್ಲಿಂದ ಇಂದ್ರಾಣಿ ಒದ್ದಾಡುತ್ತಾ ಮಗ್ಗುಲಾಗಿ, ಅಂಗಾತವಾಗಿ, ಎರಡೂ ತೋಳು ಚಾಚಿ, ಎರಡೂ ಭುಜಗಳನ್ನು ನೆಲಕ್ಕೆ ಒತ್ತಿದರು. ಒತ್ತಿ ಹಾಗೇ ಇದ್ದರು.

ಜವರಪ್ಪನವರ ಕೈ ಬಿಟ್ಟಿತು.

ಅವರು ಮೊದಲು ಒಂದು ಭುಜ ನೋಡಿದರು, ಆಮೇಲೆ ಇನ್ನೊಂದು. ಮೊಣಕಾಲೂರಿ ಎದ್ದರು. ಅಂಗೈಯನ್ನು ತೊಡೆಗೆ ಒರೆಸಿಕೊಂಡು ಬಗ್ಗಿ, ಮಗಳ ಕೈ ಹಿಡಿದು ಎತ್ತಿ ನಿಲ್ಲಿಸಿದರು. ಬೆನ್ನಿನ ಧೂಳು ಕೊಡವಿದರು.

"ಏಳು ಮಗ. ಚೆನ್ನಾಗ್ ಆಡ್ದೆ."

ಮಾದೇಶನ ಕೋಲು ಎತ್ತಿದಲ್ಲೇ ನಿಂತಿತ್ತು. ಜವರಪ್ಪ ತಿರುಗಿ ನನ್ನನ್ನು ನೋಡಿದರು. ನನ್ನೊಳಗಿನವನು ಇನ್ನೂ ನಿಂತೇ ಇದ್ದ, ಮಚ್ಚು ಎತ್ತಿಯೇ ಇದ್ದ. ಇಬ್ಬರು ಎತ್ತಬೇಕಾದ ನನ್ನನ್ನು ಆ ಮುದುಕರು ಒಬ್ಬರೇ ಸೊಂಟ ಹಿಡಿದು ತಲೆಯ ಮಟ್ಟಕ್ಕೆ ಎತ್ತಿದರು. ವೈರು ಕಿತ್ತುಬಂತು. ಮರುಗಳಿಗೆ ನನ್ನ ಬೆನ್ನು ನೆಲಕ್ಕೆ ಅಪ್ಪಳಿಸಿತು. ನನ್ನ ಗಾಜಿನ ಕೊಳವೆಯ ಸಣ್ಣ ಕತ್ತು ಮುರಿದು, ಹುಟ್ಟಿದಾಗಿನಿಂದ ಹೊರಗಿದ್ದ ಗಾಳಿ ಸುಯ್ಯೆಂದು ಒಳಗೆ ನುಗ್ಗಿತು. ನನ್ನ ಬೆಳಕು ಹೋದದ್ದು ಹೀಗೆ. ನೋಟ ಮಾತ್ರ ಏಕೋ ಉಳಿಯಿತು.

ಮನೆಯಲ್ಲಿ ಮೂವರ ಉಸಿರಾಟವಷ್ಟೇ ಕೇಳುತ್ತಿತ್ತು. ಜವರಪ್ಪ ನನ್ನ ಪಕ್ಕದಲ್ಲೇ ಕೂತು, ಮೂಗಿನಿಂದ ಇಳಿದ ರಕ್ತವನ್ನು ಮುಟ್ಟಿ ನೋಡಿಕೊಂಡರು.

"ನಾನು ಹೊಡ್ದಂಗೆಲ್ಲ ಬಿಗಿಯಾಗಿ ಹಿಡೀತಿದ್ರು" ಎಂದ ಮಾದೇಶ.

"ಹೂಂ." ಇಂದ್ರಾಣಿಯವರ ದನಿ ಒಡೆದಿತ್ತು.

"ನೀನು ಬಿದ್ದೆ. ಬಿಟ್ರು."

"ದಿನಾ ಬೀಳಕ್ಕೆ ನನ್ ಕೈಲಾಗಲ್ಲ ಕಣೋ. ಹಗ್ಗಾನೂ ಬೇಡ. ಇಬ್ರೂ ಸೇರಿ ಬೇರೆ ಏನಾದ್ರೂ ನೋಡಣ."

ನೋಡಿದರು. ಸುಲಭವಾಗಿರಲಿಲ್ಲ. ಆಸ್ಪತ್ರೆಗೆ ಕರೆದೊಯ್ದು ಮಾತ್ರೆ ತಂದರು. ಬೆಳಿಗ್ಗೆ ಮಾದೇಶ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಪ್ಪನನ್ನು ಗರಡಿಗೆ ಬಿಡುತ್ತಾನೆ. ಅಲ್ಲಿಯ ಕಟ್ಟೆಯ ಮೇಲೆ ಬುಡನ್ ಸಾಬ್ ಕಾದಿರುತ್ತಾರೆ. ಇಬ್ಬರೂ ಕೂತು, ಮಟ್ಟಿಯಲ್ಲಿ ಹೊರಳುವ ಹೊಸ ಹುಡುಗರನ್ನು ಬೈಯುತ್ತಾರಂತೆ. ಹಗ್ಗವನ್ನು ಮಾದೇಶ ಕಾರಿಗೆ ಒಯ್ದ. ಮೊಳೆ ಗೋಡೆಯಲ್ಲೇ ಇದೆ. ಕೆಟ್ಟ ದಿನಗಳು ಈಗಲೂ ಬರುತ್ತವೆ, ಮೊನ್ನೆ ಒಂದು ಪಾತ್ರೆ ಕಿಟಕಿಯಿಂದ ಹಾರಿತು. ಆದರೆ ಇಂದ್ರಾಣಿಯವರ ಮೈಮೇಲೆ ಹೊಸ ಗಾಯ ನಾನು ಕಂಡಿಲ್ಲ.

ನನ್ನನ್ನು ಗುಜರಿಯವನು ಬೇಡವೆಂದ. ಇಂಥ ಗಾಜು ಈಗ ಯಾರೂ ಕೊಳ್ಳುವುದಿಲ್ಲವಂತೆ. ಇಂದ್ರಾಣಿ ಮಾದೇಶನ ಜೊತೆ ಸೇರಿ ನನ್ನನ್ನು ಎತ್ತಿ ಮೂಲೆಯಲ್ಲಿ ನಿಲ್ಲಿಸಿ, ಒರೆಸಿ ಬಿಟ್ಟರು. ಒಳಗೆ ಕತ್ತಲೆ, ಮುಂದೆ ಒಡೆಯದ ಗಾಜು. ಇಷ್ಟು ವರ್ಷ ನಾನು ಎಲ್ಲೆಲ್ಲಿಯವರನ್ನೋ ಈ ಮನೆಗಳೊಳಗೆ ತಂದು ನಿಲ್ಲಿಸಿದೆ. ಕೂತು ನೋಡುತ್ತಿದ್ದವರು ಯಾರು, ಅವರಿಗೆ ಯಾರು ಬೇಕಾಗಿತ್ತು ಎಂದು ಕೇಳುವ ಬಾಯಿ ನನಗಿರಲಿಲ್ಲ.

ನಿನ್ನೆ ಸಂಜೆ ಜವರಪ್ಪ ಚಾಪೆ ಎಳೆದುಕೊಂಡು ನನ್ನೆದುರಿಗೆ ಬಂದರು. ನನ್ನ ಕಪ್ಪು ಗಾಜಿನಲ್ಲಿ ಮುರುಟಿದ ಕಿವಿಯ ಮುದುಕನೊಬ್ಬ ಕಂಡ. ಅವರ ಭುಜ ಬಿಗಿಯಿತು. ಒಲೆಯ ಮುಂದಿದ್ದ ಇಂದ್ರಾಣಿ ಲೋಟ ಹಿಡಿದವರು ಹಾಗೇ ನಿಂತರು.

ಬಹಳ ಹೊತ್ತು ನೋಡಿದ ಮೇಲೆ ಜವರಪ್ಪ ಕೇಳಿದರು: "ಯಾರವ್ವ ಇವ್ರು?"

"ನಮ್ಮೋರೇ ಅಪ್ಪಾಜಿ."

"ಸೊರಗವ್ರೆ ಪಾಪ."

ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಇವ್ರಿಗೂ ಒಂದ್ ಲೋಟ ತಾ."

ಇಂದ್ರಾಣಿ ಎರಡು ಲೋಟ ಟೀ ತಂದರು. ಒಂದನ್ನು ತಂದೆಯ ಕೈಗೆ ಕೊಟ್ಟು, ಇನ್ನೊಂದನ್ನು ನನ್ನ ಮುಂದೆ ನೆಲದ ಮೇಲಿಟ್ಟರು. ತಾವೂ ಗೋಡೆಗೆ ಒರಗಿ ಕೂತರು. ಜವರಪ್ಪ ತಮ್ಮ ಲೋಟ ಎತ್ತಿದರು. ಒಳಗಿನವನೂ ಎತ್ತಿದ.